ಮನೆ ಪಕ್ಕ ಟ್ರಕ್ ಸ್ಟಾಪ್ ಬರುತ್ತದಂತೆ: ಅಮೆರಿಕದಲ್ಲಿ ರೀಝೋನಿಂಗ್ ವಿರೋಧಿಸುವುದು ಹೇಗೆ?

ಹೆದ್ದಾರಿಯ ಎಕ್ಸಿಟ್ ಹತ್ತಿರದ ಖಾಲಿ ಹೊಲದಲ್ಲಿ ಒಂದು ಬೋರ್ಡು ನೆಟ್ಟಿರುತ್ತಾರೆ. ದಿನಾ ಅದರ ಮುಂದೆಯೇ ಕಾರಿನಲ್ಲಿ ಹೋಗುತ್ತೀರಿ. ಅಕ್ಷರ ಸಣ್ಣದು, ಓದಿರುವುದಿಲ್ಲ. ಒಂದು ಸಂಜೆ ಪಕ್ಕದ ಮನೆಯವರು ಬಂದು ಹೇಳುತ್ತಾರೆ: ಅಲ್ಲಿ ಟ್ರಕ್ ಸ್ಟಾಪ್ ಬರುತ್ತದಂತೆ, ರಾತ್ರಿ ಹಗಲು ತೆರೆದಿರುತ್ತದಂತೆ, ಮುಂದಿನ ವಾರವೇ ಹಿಯರಿಂಗ್ (ಸಾರ್ವಜನಿಕ ವಿಚಾರಣೆ) ಅಂತೆ. ಮೂವತ್ತು ವರ್ಷದ ಸಾಲ ಹೊತ್ತು ಕೊಂಡ ಮನೆ. ಮಕ್ಕಳು ಮಲಗುವ ಕೋಣೆಯ ಕಿಟಕಿ ಇರುವುದು ಆ ಹೊಲದ ಕಡೆಗೇ. ಎದೆ ಧಸಕ್ಕೆನ್ನದೆ ಇರುತ್ತದೆಯೆ?

ಅಲ್ಲಿಂದ ಮುಂದೆ ಬಹಳ ಬಡಾವಣೆಗಳಲ್ಲಿ ನಡೆಯುವುದು ಹೆಚ್ಚುಕಮ್ಮಿ ಒಂದೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸಿಟ್ಟು, ಆನ್‌ಲೈನ್ ಸಹಿ ಸಂಗ್ರಹ, ಹಿಯರಿಂಗ್ ದಿನ ಎಲ್ಲರೂ ಒಂದೇ ಬಣ್ಣದ ಅಂಗಿ. ಇದರಲ್ಲಿ ಯಾವುದೂ ತಪ್ಪಲ್ಲ, ಆದರೆ ಇಷ್ಟೇ ಆದರೆ ಗಾಳಿಯಲ್ಲಿ ಗುದ್ದಾಡಿದ ಹಾಗೆ. ಯಾವ ಜಮೀನನ್ನು ಯಾವುದಕ್ಕೆ ಬಳಸಬಹುದೆಂದು ಊರು ಗೊತ್ತುಮಾಡುವುದು ಝೋನಿಂಗ್, ಅದನ್ನು ಬದಲಿಸುವುದು ರೀಝೋನಿಂಗ್. ಇಲ್ಲಿ ಇಂಥ ಬದಲಾವಣೆ ಕೋರುವ ಅರ್ಜಿಗಳು ಇತ್ಯರ್ಥವಾಗುವುದು ಕಡತದ ಮೇಲೆ. ಗಡುವಿನೊಳಗೆ, ಊರಿನ ಝೋನಿಂಗ್ ಕಾನೂನಿನ ಮಾತುಗಳಲ್ಲೇ, ಬರಹದಲ್ಲಿ ಕಡತ ಸೇರಿದ ಒಂದು ಆಕ್ಷೇಪಕ್ಕೆ ಇರುವ ತೂಕ ಐನೂರು ಆನ್‌ಲೈನ್ ಸಹಿಗಳಿಗೆ ಇರುವುದಿಲ್ಲ. ಆ ಬರಹವನ್ನು ಸಿದ್ಧಮಾಡುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಕೌಂಟಿಯಿಂದ ಕೌಂಟಿಗೆ ಬೇರೆಯಾಗುತ್ತವೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ನಿಮ್ಮ ಊರಿನ ನಿಯಮ ತೆಗೆದು ಓದಿಯೇ ಮುಂದುವರಿಯಿರಿ.

ಹೆಜ್ಜೆ 1: ಅವರು ಕೇಳಿರುವುದೇನು ಎಂದು ತಿಳಿದುಕೊಳ್ಳಿ

ಬೋರ್ಡಿನಲ್ಲಿ ಒಂದು ಕೇಸ್ ನಂಬರ್ ಇರುತ್ತದೆ. ಫೋಟೋ ತೆಗೆದುಕೊಳ್ಳಿ, ಪ್ಲಾನಿಂಗ್ ಇಲಾಖೆಗೆ ಫೋನ್ ಮಾಡಿ, ಆ ಕೇಸ್ ನೋಡಿಕೊಳ್ಳುತ್ತಿರುವ ಪ್ಲಾನರ್ ಯಾರೆಂದು ಕೇಳಿ. ಅವರು ನಿಮ್ಮ ಶತ್ರುವಲ್ಲ. ಮರ್ಯಾದೆಯಿಂದ ಕೇಳಿದರೆ ಅರ್ಜಿ, ನಕ್ಷೆ, ದಿನಾಂಕಗಳನ್ನೆಲ್ಲ ಕೊಡುತ್ತಾರೆ. ಮೊದಲ ಪ್ರಶ್ನೆ, ಆ ಜಾಗ ಸಿಟಿಗೆ ಸೇರಿದ್ದೋ ಕೌಂಟಿಗೋ? ಟೆಕ್ಸಾಸ್‌ನಲ್ಲಿರುವವರು ಇದನ್ನು ವಿಶೇಷವಾಗಿ ಕೇಳಬೇಕು. ಹ್ಯೂಸ್ಟನ್ ನಗರದಲ್ಲಿ ಝೋನಿಂಗ್ ಕಾನೂನೇ ಇಲ್ಲ, ಆ ರಾಜ್ಯದ ಹೆಚ್ಚಿನ ಕೌಂಟಿಗಳಿಗೆ ನಗರದ ಹೊರಗಿನ ಜಮೀನಿನ ಮೇಲೆ ಝೋನಿಂಗ್ ಅಧಿಕಾರವೂ ಇಲ್ಲ. ಅಂಥ ಕಡೆ ಡೀಡ್ ನಿರ್ಬಂಧಗಳು (ಆಸ್ತಿಯ ಕ್ರಯಪತ್ರದಲ್ಲೇ ಬರೆದಿರುವ ಷರತ್ತುಗಳು), ರಾಜ್ಯದ ಸಾರಿಗೆ ಇಲಾಖೆ ಕೊಡುವ ಡ್ರೈವ್‌ವೇ ಪರವಾನಗಿ, ಪರಿಸರ ಪರವಾನಗಿಗಳೇ ನಿಮಗಿರುವ ದಾರಿ.

ಎರಡನೆಯ ಪ್ರಶ್ನೆ, ಇದು ರೀಝೋನಿಂಗೋ, ಸ್ಪೆಷಲ್ ಯೂಸ್ ಪರ್ಮಿಟ್ಟೋ (ಝೋನ್ ಬದಲಿಸದೆ ಒಂದು ಬಳಕೆಗಷ್ಟೇ ಕೊಡುವ ಅನುಮತಿ), ಎರಡೂ ಸೇರಿದ್ದೋ? ವ್ಯತ್ಯಾಸ ದೊಡ್ಡದು. ರೀಝೋನಿಂಗ್ ಬಹುಪಾಲು ರಾಜ್ಯಗಳಲ್ಲಿ ಶಾಸನ ಮಾಡಿದ ಹಾಗೆ. ಕೌನ್ಸಿಲ್ ಸದಸ್ಯರನ್ನು ಮುಂಚೆಯೇ ಕಂಡು ಮಾತಾಡಬಹುದು, ಪತ್ರ ಬರೆಯಬಹುದು. ಪರ್ಮಿಟ್ ವಿಚಾರಣೆ ನ್ಯಾಯಾಲಯದ ವಿಚಾರಣೆಯ ಹಾಗೆ. ಅಲ್ಲಿ ತೀರ್ಪು ಕೊಡುವವರನ್ನು ಹೊರಗೆ ಕಂಡು ಮಾತಾಡಿದರೆ ನಿಮ್ಮ ಪಕ್ಷಕ್ಕೇ ಏಟು. ಆರೆಗನ್‌ನಲ್ಲಿ 1973ರಲ್ಲಿ, ಫ್ಲೋರಿಡಾದಲ್ಲಿ 1993ರಲ್ಲಿ ಬಂದ ತೀರ್ಪುಗಳಿಂದಾಗಿ ಆ ರಾಜ್ಯಗಳಲ್ಲಿ ಒಂದೇ ಜಾಗಕ್ಕೆ ಸಂಬಂಧಿಸಿದ ರೀಝೋನಿಂಗನ್ನೂ ಹೀಗೆ ನ್ಯಾಯವಿಚಾರಣೆಯ ಸಾಲಿಗೆ ಸೇರಿಸಬಹುದು. ಆದ್ದರಿಂದ ಕೌನ್ಸಿಲ್ ಸದಸ್ಯರ ಮನೆ ಬಾಗಿಲು ತಟ್ಟುವ ಮೊದಲು ಸಿಟಿಯ ಗುಮಾಸ್ತರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಜನ ಎಡವುವುದೂ ಇಲ್ಲೇ. ರೀಝೋನಿಂಗ್ ಜಮೀನಿಗೆ ಅಂಟಿಕೊಳ್ಳುತ್ತದೆ, ಮಾಲೀಕನಿಗಲ್ಲ. ಹಿಯರಿಂಗಿನಲ್ಲಿ ತೋರಿಸುವ ಬಣ್ಣದ ಚಿತ್ರದಲ್ಲಿ ಮರಗಳಿರುತ್ತವೆ, ಚಂದದ ಅಂಗಡಿ ಇರುತ್ತದೆ. ಷರತ್ತಾಗಿ ಬರೆದುಕೊಳ್ಳದಿದ್ದರೆ ಆ ಚಿತ್ರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಜಮೀನು ಹೊಸ ಝೋನಿಗೆ ಸೇರಿದ ಮೇಲೆ ಅಲ್ಲಿ ಒಪ್ಪಿತವಾದ ಯಾವ ಬಳಕೆಯನ್ನಾದರೂ ತರಬಹುದು, ನಾಳೆ ಬೇರೆಯವರಿಗೆ ಮಾರಲೂಬಹುದು. ಹಾಗಾಗಿ ಚಿತ್ರವನ್ನು ಪಕ್ಕಕ್ಕಿಟ್ಟು ಆ ಝೋನಿನ ಅನುಮತಿಸಿದ ಬಳಕೆಗಳ ಪಟ್ಟಿಯನ್ನು ಪೂರ್ತಿ ಓದಿ. ಟ್ರಕ್ ಸ್ಟಾಪ್‌ಗಿಂತ ಭಾರಿಯಾದ ಬಳಕೆ ಅದರಲ್ಲಿದ್ದರೆ ನಿಮ್ಮ ಮೊದಲ ಆಕ್ಷೇಪ ಅದೇ ಆಗಲಿ.

ಹೆಜ್ಜೆ 2: ಕಾಗದಪತ್ರ ತರಿಸಿಕೊಳ್ಳಿ

ಸಾಮಾನ್ಯವಾಗಿ ಪ್ಲಾನಿಂಗ್ ಕಮಿಷನ್ ಶಿಫಾರಸು ಮಾಡುತ್ತದೆ, ಸಿಟಿ ಕೌನ್ಸಿಲ್ ಅಥವಾ ಕೌಂಟಿ ಬೋರ್ಡ್ ತೀರ್ಮಾನಿಸುತ್ತದೆ. ಈ ಎರಡಕ್ಕೂ ಮುಂಚೆ ಇಲಾಖೆಯ ಸ್ಟಾಫ್ ರಿಪೋರ್ಟ್ ಬರುತ್ತದೆ. ಆ ವರದಿ ಬರೆದು ಮುಗಿಯುವ ಮೊದಲೇ ನಿಮ್ಮ ಮೊದಲ ಪತ್ರ ಪ್ಲಾನರ್ ಕೈಯಲ್ಲಿರಲಿ. ವರದಿ ಹೊರಬಿದ್ದ ಮೇಲೆ ಎಷ್ಟು ಕೂಗಿದರೂ ಅದನ್ನು ತಿದ್ದಿಸುವುದು ಕಷ್ಟ.

ಸಾರ್ವಜನಿಕ ದಾಖಲೆ ಕೋರಿ ಬರಹದಲ್ಲಿ ಅರ್ಜಿ ಹಾಕಿ. 1966ರ ಫೆಡರಲ್ ಮಾಹಿತಿ ಕಾಯ್ದೆ ಸಿಟಿ, ಕೌಂಟಿಗಳಿಗೆ ಅನ್ವಯಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಕಾಯ್ದೆ ಇದೆ, ಅದರ ಹೆಸರು ಹೇಳಿಯೇ ಕೇಳಿ. ಅರ್ಜಿದಾರರ ಜೊತೆ ಮುಂಚಿತವಾಗಿ ನಡೆದ ಸಭೆಯ ಟಿಪ್ಪಣಿ, ಸಂಚಾರ ಅಧ್ಯಯನ, ಶಬ್ದ ಅಧ್ಯಯನ, ಅಗ್ನಿಶಾಮಕ ದಳ ಮತ್ತು ರಾಜ್ಯ ಸಾರಿಗೆ ಇಲಾಖೆಯ ಅಭಿಪ್ರಾಯ, ಇಲಾಖೆ ಹಾಗೂ ಡೆವಲಪರ್ ನಡುವಿನ ಇಮೇಲ್‌ಗಳು, ಇಷ್ಟೂ ಬೇಕು.

ಜೊತೆಗೆ ಊರಿನ ಕಾಂಪ್ರಹೆನ್ಸಿವ್ ಪ್ಲಾನ್ ತೆಗೆಯಿರಿ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯಾವ ಜಾಗ ಏನಾಗಬೇಕು ಎಂದು ಊರೇ ಬರೆದುಕೊಂಡ ದಾಖಲೆ ಅದು. ಭವಿಷ್ಯದ ಭೂಬಳಕೆ ನಕ್ಷೆಯಲ್ಲಿ ಆ ಹೊಲ ವಸತಿ ಅಥವಾ ಕೃಷಿ ಎಂದಿದ್ದರೆ ನಿಮ್ಮ ಕೈಯಲ್ಲಿ ದೊಡ್ಡ ಆಯುಧವಿದೆ. ಪುಟಸಂಖ್ಯೆ ಸಮೇತ ಉಲ್ಲೇಖಿಸಿ. ಅದೇ ನಕ್ಷೆಯಲ್ಲಿ ಹೆದ್ದಾರಿ ವಾಣಿಜ್ಯ ಎಂದಿದ್ದರೆ ಸತ್ಯವನ್ನು ಮುಚ್ಚಿಡಬೇಡಿ, ಪೂರ್ತಿ ತಡೆಯುವುದು ಕಷ್ಟವೆಂದು ನೆರೆಹೊರೆಯವರಿಗೆ ನೇರವಾಗಿ ಹೇಳಿ ಷರತ್ತುಗಳ ಕಡೆ ಗಮನ ಕೊಡಿ.

ಹೆಜ್ಜೆ 3: ಆಕ್ಷೇಪವನ್ನು ಕಾನೂನಿನ ಮಾತಿಗೆ ಕಟ್ಟಿಹಾಕಿ

ಝೋನಿಂಗ್ ಕಾನೂನಿನಲ್ಲಿ ರೀಝೋನಿಂಗ್ ಪರಿಶೀಲಿಸುವ ಮಾನದಂಡಗಳ ಒಂದು ಸಣ್ಣ ಪಟ್ಟಿ ಇರುತ್ತದೆ. ಸುತ್ತಲಿನ ಬಳಕೆಗೆ ಹೊಂದುತ್ತದೆಯೆ, ಊರಿನ ಕಾಂಪ್ರಹೆನ್ಸಿವ್ ಪ್ಲಾನ್‌ಗೆ ಅನುಗುಣವೆ, ರಸ್ತೆ ನೀರು ಚರಂಡಿ ತಾಳುತ್ತವೆಯೆ, ಸಾರ್ವಜನಿಕ ಆರೋಗ್ಯಕ್ಕೆ ಧಕ್ಕೆಯೆ, ಹೀಗೆ. ನಿಮ್ಮ ಪತ್ರದ ತಲೆಬರಹಗಳು ಅವೇ ಆಗಬೇಕು. "ನಮಗೆ ಬೇಡ" ಎಂದು ಬರೆದರೆ ಅದು ಅಭಿಪ್ರಾಯ. "ನಿಮ್ಮ ಮೂರನೇ ಮಾನದಂಡಕ್ಕೆ ಈ ಅರ್ಜಿ ಹೊಂದುವುದಿಲ್ಲ, ಕಾರಣ ಇದು" ಎಂದು ಬರೆದರೆ ಅದು ಆಧಾರ.

ಕಾರಣಗಳನ್ನು ಕಟ್ಟುವಾಗ ಟ್ರಕ್ ಸ್ಟಾಪ್ ಹೇಗೆ ನಡೆಯುತ್ತದೆಂದು ತಿಳಿದಿರಬೇಕು. ಇದು ಪೆಟ್ರೋಲ್ ಹಾಕಿಸಿಕೊಂಡು ಐದು ನಿಮಿಷದಲ್ಲಿ ಹೊರಡುವ ಬಂಕ್ ಅಲ್ಲ. ಸರಕು ಟ್ರಕ್ ಚಾಲಕ 14 ಗಂಟೆಗಳ ಅವಧಿಯೊಳಗೆ ಗರಿಷ್ಠ 11 ಗಂಟೆ ಓಡಿಸಬಹುದು, ಆಮೇಲೆ ಸತತ 10 ಗಂಟೆ ವಿಶ್ರಾಂತಿ ಕಡ್ಡಾಯ ಎನ್ನುತ್ತದೆ ಫೆಡರಲ್ ನಿಯಮ. 2017ರ ಡಿಸೆಂಬರಿನಿಂದ ಇದನ್ನು ಎಲೆಕ್ಟ್ರಾನಿಕ್ ಲಾಗ್‌ನಲ್ಲಿ ದಾಖಲಿಸಬೇಕು, ಸುಳ್ಳು ಬರೆಯಲು ಆಸ್ಪದ ಕಡಿಮೆ. ಅಂದರೆ ನಿಂತ ಟ್ರಕ್ ಇಡೀ ರಾತ್ರಿ ನಿಂತೇ ಇರುತ್ತದೆ. ಚಾಲಕ ಕ್ಯಾಬಿನಲ್ಲೇ ಮಲಗುತ್ತಾನೆ, ಚಳಿಗೋ ಸೆಕೆಗೋ ಎಂಜಿನ್ ಹಾಕಿಕೊಳ್ಳುತ್ತಾನೆ. ದೊಡ್ಡ ಟ್ರಕ್ ನಿಂತಲ್ಲೇ ಎಂಜಿನ್ ಓಡಿಸಿದರೆ ಗಂಟೆಗೆ ಸುಮಾರು 0.8 ಗ್ಯಾಲನ್ ಡೀಸೆಲ್ ಸುಡುತ್ತದೆ. ನಕ್ಷೆಯಲ್ಲಿ 100 ನಿಲುಗಡೆ ಜಾಗಗಳಿವೆ ಎಂದುಕೊಳ್ಳಿ. ಅರ್ಧದಷ್ಟು ಟ್ರಕ್‌ಗಳು ಹತ್ತು ಗಂಟೆ ಹೀಗೆ ನಿಂತರೂ ಒಂದು ರಾತ್ರಿಗೆ 400 ಗ್ಯಾಲನ್. ನಿಮ್ಮ ನಕ್ಷೆಯ ಸಂಖ್ಯೆ ಹಾಕಿ ಇದೇ ಲೆಕ್ಕ ಮಾಡಿ. ಹೊಸ ಟ್ರಕ್‌ಗಳಲ್ಲಿ ಬ್ಯಾಟರಿ, ಸಣ್ಣ ಸಹಾಯಕ ಎಂಜಿನ್ ಇರುವುದೂ ಉಂಟು, ಹಾಗಾಗಿ ಎಲ್ಲ ಟ್ರಕ್ಕೂ ಹೊಗೆ ಉಗುಳುತ್ತವೆ ಎಂದು ಬರೆದು ಸಿಕ್ಕಿಹಾಕಿಕೊಳ್ಳಬೇಡಿ.

ಆ ಹೊಗೆಯ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. 2021ರಲ್ಲಿ ಅದೇ ಸಂಸ್ಥೆ 2.5 ಮೈಕ್ರಾನಿಗಿಂತ ಸಣ್ಣ ಧೂಳಿನ ಕಣಗಳಿಗೆ ಘನ ಮೀಟರಿಗೆ ವಾರ್ಷಿಕ 5 ಮೈಕ್ರೋಗ್ರಾಂ ಎಂಬ ಸೂಚಕ ಮಿತಿ ಕೊಟ್ಟಿತು. ಸಣ್ಣ ಸಂವೇದಕ ಯಂತ್ರಗಳನ್ನು ಈಗಲೇ ಮನೆಗಳ ಹೊರಗೆ ತೂಗುಹಾಕಿ. ಯೋಜನೆ ಬರುವ ಮೊದಲಿನ ಗಾಳಿ ಹೇಗಿತ್ತು ಎಂಬ ಲೆಕ್ಕ ನಿಮ್ಮ ಹತ್ತಿರ ಇಲ್ಲದಿದ್ದರೆ ಆಮೇಲೆ ಹಾಳಾಯಿತೆಂದು ತೋರಿಸುವುದು ಹೇಗೆ?

ಶಬ್ದ ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದ ವಾದ, ಏಕೆಂದರೆ ಲೆಕ್ಕ ಸರಳ, ಎಲ್ಲರಿಗೂ ಅರ್ಥವಾಗುತ್ತದೆ. ಏರ್ ಬ್ರೇಕಿನ ಸೀಟಿ, ಹಿಂದಕ್ಕೆ ತೆಗೆಯುವಾಗಿನ ಬೀಪ್, ಎಲ್ಲಕ್ಕಿಂತ ಕಾಟ ಕೊಡುವ ರೀಫರ್ ಟ್ರೇಲರ್. ತರಕಾರಿ ಮಾಂಸ ಸಾಗಿಸುವ ಈ ಟ್ರೇಲರ್‌ಗಳ ಶೀತಕಕ್ಕೆ ಸಾಮಾನ್ಯವಾಗಿ ತನ್ನದೇ ಡೀಸೆಲ್ ಎಂಜಿನ್ ಇರುತ್ತದೆ. ಟ್ರಕ್ಕಿನ ಎಂಜಿನ್ ಆರಿಸಿದರೂ ಅದು ಓಡುತ್ತಲೇ ಇರುತ್ತದೆ. ಡೆವಲಪರ್‌ನ ಶಬ್ದ ಅಧ್ಯಯನದಲ್ಲಿ ಒಂದು ಟ್ರಕ್ಕಿನ ಶಬ್ದವನ್ನಷ್ಟೇ ಹಾಕಿದ್ದಾರೆಯೆ ನೋಡಿ. ಅಷ್ಟೇ ಶಬ್ದದ ಎರಡು ಮೂಲ ಸೇರಿದರೆ 3 ಡೆಸಿಬೆಲ್, ಹತ್ತು ಸೇರಿದರೆ 10 ಡೆಸಿಬೆಲ್ ಏರುತ್ತದೆ. ಒಂದೇ ಬಿಂದುವಿನಿಂದ ಬರುವ ಶಬ್ದ, ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. 24 ಗಂಟೆಯ ಸರಾಸರಿ ಮಾತ್ರ ಕೊಟ್ಟಿದ್ದರೆ ರಾತ್ರಿಯ ಗರಿಷ್ಠ ಮಟ್ಟ ಕೇಳಿ. ಮಗು ಬೆಚ್ಚಿ ಏಳುವುದು ಸರಾಸರಿ ಶಬ್ದಕ್ಕಲ್ಲ. ರಸ್ತೆ ಸಂಚಾರದ ಶಬ್ದ ರಾತ್ರಿ ಹೊತ್ತು 45 ಡೆಸಿಬೆಲ್ ದಾಟಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯನ್ನೂ ಹೋಲಿಕೆಗೆ ಇಟ್ಟುಕೊಳ್ಳಿ.

ಸಂಚಾರ ಅಧ್ಯಯನವನ್ನು ಸಾಲು ಸಾಲಾಗಿ ಓದಿ. ವಾಹನ ಎಣಿಸಿದ ದಿನಾಂಕ ಯಾವುದು? ಶಾಲೆ ರಜೆಯಿದ್ದ ವಾರ ಎಣಿಸಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. 53 ಅಡಿ ಟ್ರೇಲರ್ ಎಳೆಯುವ ಟ್ರಕ್ ಆ ತಿರುವಿನಲ್ಲಿ ಎದುರಿನ ಲೇನಿಗೆ ನುಗ್ಗದೆ ತಿರುಗುತ್ತದೆಯೆ, ಅದರ ನಕ್ಷೆ ಇದೆಯೆ? ಸ್ಕೂಲ್ ಬಸ್ ಎಷ್ಟು ಗಂಟೆಗೆ ಎಲ್ಲಿ ನಿಲ್ಲುತ್ತದೆ? ನಾನು ಕೂತಿದ್ದ ಒಂದು ಹಿಯರಿಂಗಿನಲ್ಲಿ ತಾಯಿಯೊಬ್ಬರು ಬಸ್ ನಿಲ್ದಾಣಗಳನ್ನೂ ಸಮಯವನ್ನೂ ಗುರುತು ಮಾಡಿದ ಒಂದೇ ಹಾಳೆ ತಂದಿದ್ದರು. ಅಲ್ಲಿಯವರೆಗೆ ಆಕಳಿಸುತ್ತಿದ್ದ ಕಮಿಷನ್ ಸದಸ್ಯರು ಆ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ರಸ್ತೆ ಸವೆತದ ಮಾತೂ ಬರಲಿ. ಅಂತರರಾಜ್ಯ ಹೆದ್ದಾರಿಯಲ್ಲಿ ಟ್ರಕ್ಕಿನ ಒಟ್ಟು ತೂಕದ ಸಾಮಾನ್ಯ ಮಿತಿ 80,000 ಪೌಂಡ್. ಇಲಿನಾಯ್‌ನ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಹೊರಟ ಸೂತ್ರದ ಪ್ರಕಾರ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟು. ಎಕ್ಸಿಟ್‌ನಿಂದ ಟ್ರಕ್ ಸ್ಟಾಪ್‌ವರೆಗಿನ ಊರಿನ ರಸ್ತೆಯನ್ನು ಯಾರ ದುಡ್ಡಿನಲ್ಲಿ ಮತ್ತೆ ಮತ್ತೆ ಹಾಕುತ್ತಾರೆ ಎಂದು ಕೇಳಿ. ತೆರಿಗೆಯ ಆದಾಯ ತೋರಿಸಿ ಮಾತಾಡುವ ಸದಸ್ಯರಿಗೆ ಈ ಪ್ರಶ್ನೆ ತಟ್ಟುತ್ತದೆ.

ಬಾವಿ ನೀರು ಕುಡಿಯುವ ಮನೆಗಳಿದ್ದರೆ ಭೂಗತ ಡೀಸೆಲ್ ಟ್ಯಾಂಕುಗಳು, ಮಳೆಗೆ ಅಂಗಳದಿಂದ ಹರಿದುಬರುವ ಎಣ್ಣೆ ನೀರು ಎಲ್ಲಿಗೆ ಸೇರುತ್ತದೆ ಎನ್ನುವುದೇ ಮೊದಲ ವಾದವಾಗಬೇಕು. ಈಗಲೇ ನಿಮ್ಮ ಬಾವಿ ನೀರು ಪರೀಕ್ಷೆ ಮಾಡಿಸಿ ವರದಿ ಕಡತಕ್ಕೆ ಹಾಕಿ.

ಇನ್ನು ಆಡಬಾರದ ಮಾತು. "ಟ್ರಕ್ಕಿನವರು ಬಂದರೆ ಕಳ್ಳತನ, ಗಲೀಜು" ಎಂದು ದಯವಿಟ್ಟು ಹೇಳಬೇಡಿ. ಅದಕ್ಕೆ ಕಡತದಲ್ಲಿ ಬೆಲೆಯಿಲ್ಲ, ಅದು ನ್ಯಾಯವೂ ಅಲ್ಲ. ನಮ್ಮ ಅಡುಗೆಮನೆಗೆ ಬರುವ ಅಕ್ಕಿ ಬೇಳೆ ಹೊತ್ತು ತರುವವರು ಅವರು. ಭಾರತದಿಂದ ಬಂದ ಎಷ್ಟೋ ಜನ, ಅದರಲ್ಲೂ ಪಂಜಾಬಿಗಳು, ಈ ಕೆಲಸದಲ್ಲಿದ್ದಾರೆ. ಮಲಗಲು ಸುರಕ್ಷಿತ ಜಾಗವಿಲ್ಲದೆ ಅವರು ಪಡುವ ಪಾಡು ಸಣ್ಣದಲ್ಲ. 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಎಂಬ ಚಾಲಕ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಟ್ರಕ್ ನಿಲ್ಲಿಸಿಕೊಂಡಿದ್ದಾಗ ಕೊಲೆಯಾದರು. ಟ್ರಕ್ ನಿಲುಗಡೆಯ ಕೊರತೆ ಅಳೆಯಬೇಕೆಂಬ ಕಾನೂನು 2012ರಲ್ಲಿ ಅವರ ಹೆಸರಿನಲ್ಲೇ ಬಂತು. ಟ್ರಕ್ ಸ್ಟಾಪ್ ಬೇಕು, ಮಕ್ಕಳ ಕಿಟಕಿಯ ಕೆಳಗಲ್ಲ, ಇಂಥ ಜಾಗ ಇದಕ್ಕಿಂತ ಸರಿ ಎಂದು ನಕ್ಷೆ ತೋರಿಸಿ ಹೇಳಿದರೆ ನಿಮ್ಮ ಮಾತನ್ನು ಕೇಳಿಸಿಕೊಳ್ಳುತ್ತಾರೆ.

ಹೆಜ್ಜೆ 4: ಪ್ರೊಟೆಸ್ಟ್ ಪಿಟಿಷನ್

ಬಹಳ ಜನರಿಗೆ ಗೊತ್ತೇ ಇಲ್ಲದ, ಆದರೆ ಎಲ್ಲಕ್ಕಿಂತ ಬಲವಾದ ಸಾಧನ ಇದು. 1920ರ ದಶಕದಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಪ್ರಕಟಿಸಿದ ಮಾದರಿ ಝೋನಿಂಗ್ ಕಾಯ್ದೆಯಲ್ಲೇ ಇದರ ಬೇರಿದೆ. ಬದಲಾವಣೆಯ ಜಾಗದ ಅಕ್ಕಪಕ್ಕದ ಜಮೀನಿನಲ್ಲಿ ಶೇ. 20ರಷ್ಟಕ್ಕೆ ಸೇರಿದ ಮಾಲೀಕರು ಸಹಿ ಹಾಕಿ ವಿರೋಧಿಸಿದರೆ ಬರಿಯ ಬಹುಮತ ಸಾಲದು, ಕೌನ್ಸಿಲ್‌ನ ಒಟ್ಟು ಸದಸ್ಯರಲ್ಲಿ ಮುಕ್ಕಾಲು ಭಾಗದ ಮತ ಬೇಕು. ಏಳು ಜನರ ಕೌನ್ಸಿಲ್‌ನಲ್ಲಿ ನಾಲ್ಕು ಮತದಿಂದ ಆಗುತ್ತಿದ್ದದ್ದಕ್ಕೆ ಆರು ಬೇಕಾಗುತ್ತದೆ. ಇಬ್ಬರು ನಿಮ್ಮ ಕಡೆ ನಿಂತರೆ ಅರ್ಜಿ ಬಿತ್ತು.

ಎಲ್ಲ ರಾಜ್ಯಗಳಲ್ಲೂ ಇದಿಲ್ಲ. ನಾರ್ತ್ ಕ್ಯಾರೊಲಿನಾ 2015ರಲ್ಲಿ ಇದನ್ನು ತೆಗೆದುಹಾಕಿತು. ಕ್ಯಾನ್ಸಸ್‌ನಲ್ಲಿ ಇದೆ. ಅಲ್ಲಿ ಸಾಮಾನ್ಯವಾಗಿ ಆ ಜಾಗದ ಸುತ್ತ ನಗರದೊಳಗೆ 200 ಅಡಿ, ನಗರದ ಹೊರಗೆ 1,000 ಅಡಿ ದೂರದವರೆಗಿನ ಜಮೀನನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಹಿಯರಿಂಗ್ ಮುಗಿದ 14 ದಿನಗಳೊಳಗೆ ಗುಮಾಸ್ತರಿಗೆ ಸಲ್ಲಿಸಬೇಕು. ನಿಮ್ಮ ರಾಜ್ಯದ ದೂರ, ಗಡುವು ಬೇರೆ ಇರುತ್ತವೆ.

ಇಲ್ಲಿ ಲೆಕ್ಕ ತಲೆಗಳದ್ದಲ್ಲ, ಜಮೀನಿನ ವಿಸ್ತೀರ್ಣದ್ದು. ಮೂಲೆಯಲ್ಲಿ ಐದು ಎಕರೆ ಇಟ್ಟುಕೊಂಡಿರುವ ಅಜ್ಜನ ಒಂದು ಸಹಿ ಇಪ್ಪತ್ತು ಮನೆಗಳ ಸಹಿಗಿಂತ ಹೆಚ್ಚು ತೂಗಬಹುದು. ಮೊದಲು ಅವರ ಮನೆಗೆ ಹೋಗಿ. ಎಚ್‌ಒಎಗೆ (ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ) ಸೇರಿದ ಹಸಿರು ಜಾಗ ಆ ದೂರದೊಳಗಿದ್ದರೆ ಬೋರ್ಡ್ ನಿರ್ಣಯ ಮಾಡಿಸಿ ಅಧ್ಯಕ್ಷರಿಂದ ಸಹಿ ಹಾಕಿಸಿ, ನಿರ್ಣಯದ ಪ್ರತಿಯನ್ನೂ ಲಗತ್ತಿಸಿ. ಬಾಡಿಗೆದಾರರ ಸಹಿ ಇಲ್ಲಿ ನಡೆಯುವುದಿಲ್ಲ, ಅವರು ಪ್ರತ್ಯೇಕ ಪತ್ರ ಬರೆಯಲಿ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಸಹಿಯ ಜೊತೆ ಬರೆಯುವ ಹೆಸರು ಡೀಡ್‌ನಲ್ಲಿರುವ ಹಾಗೆಯೇ ಇರಬೇಕು. ನಮ್ಮ ಇನಿಷಿಯಲ್‌ಗಳು ಇಲ್ಲಿ ಬಿಡಿಸಿಕೊಂಡು ಊರಿನ ಹೆಸರೋ ತಂದೆಯ ಹೆಸರೋ ಆಗಿ, ಕೆಲವೊಮ್ಮೆ ಹಿಂದುಮುಂದಾಗಿ ದಾಖಲಾಗಿರುತ್ತವೆ. ರೂಢಿಯಂತೆ ಚಿಕ್ಕದಾಗಿ ಬರೆದರೆ ದಾಖಲೆಗೆ ತಾಳೆಯಾಗದೆ ಸಹಿ ತಳ್ಳಿಹೋಗಬಹುದು. ಡೀಡ್ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಸಹಿ ಹಾಕಿ. ಕೌಂಟಿಯ ಆಸ್ತಿ ದಾಖಲೆ ಅಂತರ್ಜಾಲದಲ್ಲೇ ಸಿಗುತ್ತದೆ, ಮುದ್ರಿಸಿಕೊಂಡೇ ಮನೆಮನೆಗೆ ಹೋಗಿ.

ವೀಸಾ ಮೇಲಿರುವವರ ಅಳುಕು

"ನಾವು ಎಚ್1ಬಿ ಮೇಲಿದ್ದೇವೆ, ಇದಕ್ಕೆಲ್ಲ ಹೋಗಬಹುದಾ?" ಈ ಪ್ರಶ್ನೆಯನ್ನು ಪಿಸುದನಿಯಲ್ಲಿ ಕೇಳಿದವರು ಬಹಳ. ಹಿಯರಿಂಗಿನಲ್ಲಿ ಮಾತಾಡಲು ಹೆಸರು, ವಿಳಾಸ ಕೇಳುತ್ತಾರೆ. ಮತದಾರರಾಗಿರಬೇಕು ಎಂದೇನಿಲ್ಲ. ಪ್ರೊಟೆಸ್ಟ್ ಪಿಟಿಷನ್‌ಗೆ ಬೇಕಾದದ್ದು ಒಡೆತನ. ಆದರೆ ಒಂದು ಗೆರೆ ದಾಟಬಾರದು: ಅಮೆರಿಕದ ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದವರು ಇಲ್ಲಿನ ಚುನಾವಣಾ ಪ್ರಚಾರಕ್ಕೆ ಹಣ ಕೊಡುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ, ಅದು ಸಿಟಿ ಕೌನ್ಸಿಲ್ ಚುನಾವಣೆಗೂ ಅನ್ವಯಿಸುತ್ತದೆ. ಬೆಂಬಲಕ್ಕೆ ನಿಂತ ಸದಸ್ಯರ ಪ್ರಚಾರಕ್ಕೆ ನೂರು ಡಾಲರ್ ಕಳಿಸೋಣ ಎಂದು ಗುಂಪಿನಲ್ಲಿ ಯಾರಾದರೂ ಹೇಳಿದರೆ ವೀಸಾದವರು ಕೈಹಾಕಬೇಡಿ. ವಕೀಲರ ಶುಲ್ಕಕ್ಕೆ ಚಂದಾ ಕೊಡುವುದು ಬೇರೆ ವಿಷಯ.

ಹೆಜ್ಜೆ 5: ಹಿಯರಿಂಗ್ ದಿನ

ಒಬ್ಬರಿಗೆ ಎರಡೋ ಮೂರೋ ನಿಮಿಷ. ಇಪ್ಪತ್ತು ಜನ ಒಂದೇ ಮಾತು ಹೇಳಿದರೆ ಒಂದೇ ಮಾತು ದಾಖಲಾಗುತ್ತದೆ. ವಿಷಯ ಹಂಚಿಕೊಳ್ಳಿ: ಒಬ್ಬರು ಶಬ್ದ, ಒಬ್ಬರು ಗಾಳಿ, ಒಬ್ಬರು ಶಾಲಾ ಬಸ್ಸು, ಒಬ್ಬರು ಬಾವಿ, ಒಬ್ಬರು ಊರಿನ ಯೋಜನೆಯ ಪುಟಗಳು. ನಮ್ಮಲ್ಲಿ ಸಾಫ್ಟ್‌ವೇರಿನವರೂ ವೈದ್ಯರೂ ಸಿವಿಲ್ ಎಂಜಿನಿಯರುಗಳೂ ಇರುತ್ತಾರೆ, ಅವರವರ ತಿಳಿವಳಿಕೆಯ ವಿಷಯ ಅವರಿಗೇ ಕೊಡಿ. ಬರೆದುಕೊಂಡು ಹೋಗಿ, ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ ನೋಡಿ. ಮಾತಾಡಿದ್ದರ ಪ್ರತಿ, ಫೋಟೋ, ಲೆಕ್ಕ ಎಲ್ಲವನ್ನೂ ಗುಮಾಸ್ತರ ಕೈಗೆ ಕೊಟ್ಟು "ಇದನ್ನು ದಾಖಲೆಗೆ ಸೇರಿಸಿ" ಎಂದು ಮೈಕಿನಲ್ಲೇ ಹೇಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಹಿಯರಿಂಗಿನಲ್ಲೋ ಅದಕ್ಕೆ ಕೊಟ್ಟ ಪತ್ರದಲ್ಲೋ ಯಾರೂ ಎತ್ತದ ವಿಷಯವನ್ನು ಆಮೇಲೆ ನ್ಯಾಯಾಲಯದಲ್ಲಿ ಎತ್ತಲು ಬಿಡದಿರಬಹುದು. ಎಲ್ಲ ರಾಜ್ಯಗಳಲ್ಲೂ ಹೀಗೆಯೇ ಎಂದಲ್ಲ, ಆದರೆ ಹೀಗೆಯೇ ಇದೆ ಎಂದುಕೊಂಡು ನಡೆಯುವುದು ಕ್ಷೇಮ. ಮೇಲಾಗಿ ಝೋನಿಂಗ್ ಸಂವಿಧಾನಬದ್ಧವೆಂದ ಸುಪ್ರೀಂ ಕೋರ್ಟಿನ 1926ರ ಯೂಕ್ಲಿಡ್ ತೀರ್ಪಿನಿಂದ ಇಂದಿನವರೆಗೂ ನ್ಯಾಯಾಲಯಗಳು ಝೋನಿಂಗ್ ವಿಷಯದಲ್ಲಿ ಸ್ಥಳೀಯ ಸಂಸ್ಥೆಯ ವಿವೇಚನೆಗೆ ಬಹಳ ಬೆಲೆ ಕೊಡುತ್ತವೆ. ಕೋರ್ಟಿಗೆ ಹೋಗಿ ನೋಡಿಕೊಳ್ಳೋಣ ಎಂಬ ಧೈರ್ಯದಲ್ಲಿ ಕೌನ್ಸಿಲ್ ಮಟ್ಟದಲ್ಲಿ ಸಡಿಲ ಬಿಡಬೇಡಿ.

ಜನ ತುಂಬಿದ ಸಭಾಂಗಣ ನೋಡಿ ಅರ್ಜಿದಾರರು ಮುಂದೂಡಿಕೆ ಕೇಳುವುದು ಸಾಮಾನ್ಯ. ಮೊದಲ ಸಲ ಇನ್ನೂರು ಜನ, ಎರಡನೇ ಸಲ ಎಂಬತ್ತು, ಮೂರನೇ ಸಲ ಹನ್ನೆರಡು. ಮೊದಲಿನಿಂದಲೇ ಸರದಿ ಮಾಡಿಕೊಳ್ಳಿ. ಪ್ರತಿ ವಾರ ಸಿಟಿಯ ಅಜೆಂಡಾ ನೋಡುವ ಹೊಣೆ ಒಬ್ಬರದ್ದಾಗಿರಲಿ.

ಹೆಜ್ಜೆ 6: ಸೋಲುವ ಸೂಚನೆ ಕಂಡರೆ ಷರತ್ತು ಕೇಳಿ

ಇದು ಶರಣಾಗತಿ ಎಂದು ಕೆಲವರು ಸಿಟ್ಟಾಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಮತ ಎಣಿಸಿ ನೋಡಿದಾಗ ತಡೆಯಲಾಗುವುದಿಲ್ಲ ಎಂದು ಕಂಡ ಮೇಲೆ ರಾತ್ರಿಯ ನಿದ್ದೆಯನ್ನಾದರೂ ಉಳಿಸಿಕೊಳ್ಳಬೇಕು. ನಿಲುಗಡೆ ಜಾಗಗಳ ಸಂಖ್ಯೆಗೆ ಮಿತಿ. ರೀಫರ್‌ಗಳಿಗೆ ಮನೆಗಳಿಂದ ದೂರದ ಅಂಚಿನಲ್ಲೇ ಜಾಗ. ಎಂಜಿನ್ ಆರಿಸಿ ಬಳಸಲು ವಿದ್ಯುತ್ ಸಂಪರ್ಕದ ಕಂಬಗಳು. ಮಣ್ಣಿನ ದಿಬ್ಬ, ಅದರ ಮೇಲೆ ಗೋಡೆ. ಬರಿಯ ಗಿಡಗಳ ಸಾಲು ಶಬ್ದ ತಡೆಯುವುದಿಲ್ಲ. ಬೆಳಕು ಕೆಳಕ್ಕೆ ಮಾತ್ರ ಬೀಳುವ ದೀಪಗಳು. ಪ್ರವೇಶ ಹೆದ್ದಾರಿ ಕಡೆಯಿಂದ ಮಾತ್ರ, ಬಡಾವಣೆಯ ರಸ್ತೆಗೆ ದಾರಿಯಿಲ್ಲ. ಭಾರಿ ಬಳಕೆಗಳನ್ನು ಹೆಸರಿಸಿ ಹೊರಗಿಡುವ ಸಾಲು. ಹಿಯರಿಂಗಿನಲ್ಲಿ ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದನ್ನು ನಂಬಿ ಮನೆಗೆ ಬರಬೇಡಿ. ಅಂಗೀಕಾರವಾಗುವ ಆದೇಶದ ಪಠ್ಯದಲ್ಲೇ ಅದು ಇರಬೇಕು. ಷರತ್ತಿನ ಝೋನಿಂಗ್ ಬಗ್ಗೆ ರಾಜ್ಯಗಳ ಕಾನೂನು ಬೇರೆ ಬೇರೆ, ಹಾಗಾಗಿ ಈ ಹಂತದಲ್ಲಿ ಭೂಬಳಕೆ ವಕೀಲರಿಗೆ ಕೊಡುವ ಶುಲ್ಕ ವ್ಯರ್ಥವಲ್ಲ.

ಮತದಾನದ ಮರುದಿನ

ಫಲಿತಾಂಶ ಏನೇ ಆಗಲಿ, ಸಹಿಯಾದ ಆದೇಶದ ಪ್ರತಿ ಅದೇ ವಾರ ತರಿಸಿಕೊಳ್ಳಿ. ಸೋತಿದ್ದರೆ ನ್ಯಾಯಾಲಯದ ಗಡುವು ಓಡುತ್ತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರೀಝೋನಿಂಗ್ ಪ್ರಶ್ನಿಸಲು ಸಾಮಾನ್ಯವಾಗಿ 90 ದಿನ; ವಾಷಿಂಗ್ಟನ್ ರಾಜ್ಯದಲ್ಲಿ ನಿರ್ದಿಷ್ಟ ಜಾಗದ ಭೂಬಳಕೆ ತೀರ್ಮಾನಗಳಿಗೆ ಬರೀ 21. ಒಂದು ದಿನ ತಡವಾದರೂ ಬಾಗಿಲು ಮುಚ್ಚಿದ ಹಾಗೆ. ಗೆದ್ದಿದ್ದರೆ ಅದೇ ಅರ್ಜಿಯನ್ನು ಮತ್ತೆ ಹಾಕಲು ಎಷ್ಟು ತಿಂಗಳು ಕಾಯಬೇಕೆಂದು ನಿಮ್ಮ ಊರಿನ ಕಾನೂನಿನಲ್ಲಿ ನೋಡಿ, ಆ ತಾರೀಖನ್ನು ಎಲ್ಲರ ಫೋನ್ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಸಹಿ ಪಟ್ಟಿ, ಶಬ್ದದ ಅಳತೆ, ಬಾವಿ ನೀರಿನ ವರದಿ, ಪತ್ರಗಳ ಪ್ರತಿ ಎಲ್ಲವೂ ಇಬ್ಬರು ಬೇರೆ ಬೇರೆ ಮನೆಯವರ ಹತ್ತಿರ ಇರಲಿ. ಜನ ಮನೆ ಮಾರಿ ಊರು ಬಿಡುತ್ತಿರುತ್ತಾರೆ, ಆ ಹೊಲ ಮಾತ್ರ ಅಲ್ಲೇ ಇರುತ್ತದೆ.